ನೂರಕ್ಕೆ ಎಂಟು

ಅಲ್ ನಹ್ದಾದ ನಮ್ಮ ಕಟ್ಟಡದಲ್ಲಿ ನನ್ನ ಎದುರು ಫ್ಲ್ಯಾಟಿನ ಗುಣಪಾಲರು ಜೀವಮಾನದಲ್ಲಿ ಹಿಮ ಅಂತ ಕಂಡದ್ದು ಫ್ರಿಜ್ಜಿನ ಮೇಲ್ಗೂಡಿನಲ್ಲಿ ಮಾತ್ರ. ಅದನ್ನೂ ತಿಂಗಳಿಗೊಮ್ಮೆ ಚಮಚದ ಹಿಡಿಯಿಂದ ಕೆರೆದು ತೆಗೆಯುತ್ತಿದ್ದವರು ಅವರ ಹೆಂಡತಿ ವಾರಿಜಾಕ್ಷಿ. ಇಂಥ ಮನುಷ್ಯ ಕಳೆದ ಸೆಪ್ಟೆಂಬರಿನಲ್ಲಿ ದುಬೈಯ ಒಂದು ಮಾಲಿನೊಳಗಿನ ಹಿಮಾಂಗಣದಲ್ಲಿ ಸ್ನೋಬೋರ್ಡ್ ಸ್ಪರ್ಧೆಗೆ ತೀರ್ಪುಗಾರರಾಗಿ ಕುಳಿತರು. ಹೇಗೆ ಕುಳಿತರು, ಕುಳಿತು ಏನು ಮಾಡಿದರು, ಅದರಿಂದ ನನ್ನ ಸಂಸಾರಕ್ಕೆ ಏನಾಯಿತು ಎಂಬುದನ್ನು ನಾನು ಬಿಟ್ಟರೆ ಇನ್ಯಾರೂ ನೆಟ್ಟಗೆ ಹೇಳಲಾರರು. ಆದ್ದರಿಂದ ಹೇಳುತ್ತಿದ್ದೇನೆ.

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಗುಣಪಾಲರ ತೀರ್ಪಿನ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ. ನನ್ನ ಹೆಸರು ಶ್ರೀನಿವಾಸಮೂರ್ತಿ, ಮೈಸೂರಿನವನು. ನನ್ನ ಹೆಂಡತಿ ಚಾಮುಂಡೇಶ್ವರಿ ಆರು ವರ್ಷಗಳಿಂದ ಕಡಲತೀರ ಕನ್ನಡ ಬಳಗದ ರಂಗೋಲಿ ಸ್ಪರ್ಧೆಗೆ ತಪ್ಪದೆ ಹೋಗುತ್ತಾಳೆ, ತಪ್ಪದೆ ನವಿಲು ಬಿಡಿಸುತ್ತಾಳೆ, ತಪ್ಪದೆ ಸಮಾಧಾನಕರ ಬಹುಮಾನ ಅಂತ ಒಂದು ಹಾಟ್ ಬಾಕ್ಸ್ ತರುತ್ತಾಳೆ. ಮನೆಯಲ್ಲಿ ನಾವಿರುವುದು ಇಬ್ಬರು, ಆ ಸೆಪ್ಟೆಂಬರಿಗಾಗಲೇ ಹಾಟ್ ಬಾಕ್ಸು ಆರು. ಆರಕ್ಕೂ ಗುಣಪಾಲರೇ ಕಾರಣ.

ಯಾಕೆಂದರೆ ಅವರು ಇಪ್ಪತ್ತು ವರ್ಷಗಳಿಂದ ಬಳಗದ ಖಾಯಂ ತೀರ್ಪುಗಾರರು. ರಂಗೋಲಿ, ಛದ್ಮವೇಷ, ಭಾವಗೀತೆ, ನೀರುದೋಸೆ, ಯಾವುದಾದರೂ ಸೈ. ಅವರ ಪದ್ಧತಿ ಬಹಳ ಸರಳ: ಎಲ್ಲರಿಗೂ ಹತ್ತಕ್ಕೆ ಎಂಟು. ಚೆನ್ನಾಗಿ ಹಾಡಿದವರಿಗೂ ಎಂಟು, ಸಾಲು ಮರೆತು ವೇದಿಕೆಯ ಮೇಲೇ ಅತ್ತವರಿಗೂ ಎಂಟು. ಕೊನೆಗೆ ಮೊದಲ ಬಹುಮಾನ ಅದ್ಹೇಗೋ ಪ್ರಾಯೋಜಕರ ಮನೆಗೆ ಹೋಗುತ್ತಿತ್ತು, ಎರಡನೆಯದು ಸಮಿತಿಯವರ ಮನೆಗೆ, ಮೂರನೆಯದು ಚೀಟಿ ಎತ್ತಿ. ಉಳಿದವರಿಗೆಲ್ಲ ಹಾಟ್ ಬಾಕ್ಸ್. ನಾನೊಮ್ಮೆ ತಡೆಯಲಾರದೆ ಕೇಳಿದ್ದೆ. ಅವರು ನನ್ನ ಭುಜ ತಟ್ಟಿದರು.

"ಯಾರನ್ನಾದ್ರೂ ಬೇಜಾರು ಮಾಡಿ ನಮಗೆ ಎಂತ ಸಿಕ್ಕುದುಂಟು ಮಾರಾಯ್ರೆ? ಪಾಪ, ಎಲ್ಲರೂ ಹೊಟ್ಟೆಪಾಡಿಗೆ ಬಂದವರು. ಇಲ್ಲಿಯಾದ್ರೂ ಒಂದು ಖುಷಿ ಬೇಡ್ವಾ?"

ಇದೇ ಮನುಷ್ಯ ಕೆಲಸದ ಜಾಗದಲ್ಲಿ ಎಂಥವರು ಗೊತ್ತೆ? ಎ.ಸಿ. ಡಕ್ಟ್ ತಯಾರಿಸುವ ಕಂಪನಿಯ ಸ್ಟೋರಿನಲ್ಲಿ ಇನ್‌ಚಾರ್ಜ್. ಒಂದು ಬೋಲ್ಟು ಬೇಕಾದರೂ ಮೂರು ಸಹಿ ತರಬೇಕು. ಒಮ್ಮೆ ಕಂಪನಿಯ ಧಣಿಯೇ ಬಂದು ಒಂದು ಟೇಪು ಕೇಳಿದ್ದಕ್ಕೆ, "ಸಾಹೇಬ್ರೆ, ಫಾರ್ಮು ತುಂಬಿಸಿ" ಅಂದವರು. ಬೋಲ್ಟಿನ ವಿಷಯದಲ್ಲಿ ಕಟುಕ, ರಂಗೋಲಿಯ ವಿಷಯದಲ್ಲಿ ಕರ್ಣ. ನನಗಿದ್ದ ಸಿಟ್ಟೆಲ್ಲ ಅದೇ.

ಆ ಧಣಿಯ ಹೆಸರು ಅಬ್ದುಲ್ ರವೂಫ್, ಮಂಗಳೂರಿನ ಕಡೆಯವರು. ಹಿಮಾಂಗಣದ ಸ್ಪರ್ಧೆಗೆ ಅವರ ಕಂಪನಿಯದೇ ಪ್ರಾಯೋಜಕತ್ವ. ಪ್ರಾಯೋಜಕರಿಗೆ ಬ್ಯಾನರಿನಲ್ಲಿ ಹೆಸರು, ಮುಂದಿನ ಸಾಲಿನಲ್ಲಿ ನಾಲ್ಕು ಕುರ್ಚಿ, ಐದು ಜನ ತೀರ್ಪುಗಾರರಲ್ಲಿ ಒಬ್ಬರನ್ನು ಅತಿಥಿ ತೀರ್ಪುಗಾರ ಅಂತ ಕೂರಿಸುವ ಹಕ್ಕು. ಒಂದು ದಿನ ರವೂಫ್ ಸಾಹೇಬರು ಸ್ಟೋರಿಗೇ ಇಳಿದು ಬಂದರು.

"ಗುಣಪಾಲಣ್ಣ, ನೀವು ಬಳಗದಲ್ಲಿ ಜಡ್ಜ್ ಅಲ್ವಾ?"

"ಹೌದು ಸಾಹೇಬ್ರೆ, ಇಪ್ಪತ್ತು ವರ್ಷ ಆಯ್ತು. ಸರ್ಟಿಫಿಕೇಟೆಲ್ಲ ಫೈಲಿನಲ್ಲಿ ಉಂಟು, ತರಬೇಕಾ?"

"ಫೈಲ್ ಬೇಡ. ಸ್ನೋ ಸ್ಪರ್ಧೆಗೆ ಜಡ್ಜಾಗಿ ಕೂತ್ಕೊಳ್ತೀರಾ?"

ಶಾಲಿನ ವಾಸನೆ ಬಂದ ಕಡೆ ಗುಣಪಾಲರು ಇಲ್ಲ ಅಂದವರಲ್ಲ. ಕೂತ್ಕೊಳ್ತೇನೆ ಅಂದರು.

"ನನ್ನ ಮಗ ರಶೀದನೂ ಸ್ಪರ್ಧೆಯಲ್ಲಿ ಇದ್ದಾನೆ. ಅದೊಂದು ನೆನಪಿರ್ಲಿ. ನಿಮ್ಮ ವೀಸಾ ರಿನ್ಯೂವಲ್ ವಿಷಯ ಸ್ಪರ್ಧೆ ಮುಗಿದ ಮೇಲೆ ಮಾತಾಡುವ. ಯಲ್ಲಾ, ಬರ್ತೇನೆ."

ನವೆಂಬರಿಗೆ ಗುಣಪಾಲರಿಗೆ ಅರವತ್ತು ತುಂಬುತ್ತಿತ್ತು. ಅರವತ್ತಾದ ಮೇಲೆ ಇಟ್ಟುಕೊಳ್ಳುವುದು ಬಿಡುವುದು ಕಂಪನಿಯ ಮರ್ಜಿ. ತಡವಾಗಿ ಹುಟ್ಟಿದ ಒಬ್ಬಳೇ ಮಗಳು ದೀಪ್ತಿ ಹನ್ನೊಂದನೇ ಕ್ಲಾಸಿನಲ್ಲಿದ್ದಳು. ವೀಸಾ ಹೋಯಿತೆಂದರೆ ಆ ಹುಡುಗಿ ವರ್ಷದ ನಡುವೆ ಪುಸ್ತಕ ಕಟ್ಟಿಕೊಂಡು, ತಾನು ರಜೆಯಲ್ಲಿ ಮಾತ್ರ ನೋಡಿದ್ದ ಊರಿಗೆ ಹೋಗಿ, ಹೊಸ ಶಾಲೆ ಹುಡುಕಬೇಕು. ಎರಡೇ ಎರಡು ವರ್ಷ ಸಿಕ್ಕಿದರೆ ಸಾಕು ಅಂತ ವಾರಿಜಾಕ್ಷಿಯಮ್ಮ ದಿನಾ ದೇವರಿಗೆ ಹೇಳುತ್ತಿದ್ದದ್ದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು.

ಆ ಸಂಜೆ ಗುಣಪಾಲರು ನಮ್ಮ ಸೋಫಾದ ತುದಿಯಲ್ಲಿ ಕೂತು, ಧಣಿಯ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿ, "ಅರ್ಥ ಆಯ್ತಲ್ಲ ಮೂರ್ತಿಗಳೇ?" ಅಂದರು.

"ಆಗದೆ ಏನ್ರೀ? ಮಗನಿಗೆ ಫಸ್ಟು, ನಿಮಗೆ ವೀಸಾ."

"ಅದೇ ನಾನು ಹೇಳಿದ್ದು! ಇದೆಲ್ಲ ನಮಗೆ ಹೊಸತಾ? ಇಪ್ಪತ್ತು ವರ್ಷದಿಂದ ಬಳಗದಲ್ಲಿ ಇದನ್ನೇ ಮಾಡಿದ್ದಲ್ವಾ?"

ಈ ಅರ್ಥ ಹೇಳಿಕೊಟ್ಟದ್ದರಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಓದುಗರು ದಯವಿಟ್ಟು ಮರೆತುಬಿಡಬೇಕು.

ಇನ್ನು ಸ್ಪರ್ಧೆ ಎಂಥದು ಅಂತ ತಿಳಿಯಬೇಕಲ್ಲ. ದೀಪ್ತಿ ಫೋನಿನಲ್ಲಿ ವಿಡಿಯೋ ಹಾಕಿ ತೋರಿಸಿದಳು. "ಪಪ್ಪಾ, ಇಟ್ಸ್ ಕಾಲ್ಡ್ ಸ್ಲೋಪ್‌ಸ್ಟೈಲ್." ಒಂದು ಹಿಮದ ಇಳಿಜಾರು. ಅದರಲ್ಲಿ ಅಲ್ಲಲ್ಲಿ ಕಬ್ಬಿಣದ ಕಂಬಿ, ಮರದ ಪೆಟ್ಟಿಗೆ, ದಿಬ್ಬ. ಪಕ್ಕದಲ್ಲೇ ಎತ್ತಿನ ಗಾಡಿ ಹೋಗುವಷ್ಟು ಅಗಲದ ಸುಸೂತ್ರ ದಾರಿ ಇರುತ್ತದೆ, ಅದರಲ್ಲಿ ಹೋಗುವ ಹಾಗಿಲ್ಲ. ಕಾಲಿಗೆ ಹಲಗೆ ಕಟ್ಟಿಕೊಂಡು ಬಂದು ಕಂಬಿಯ ಮೇಲೆ ಹತ್ತಿ ಜಾರಬೇಕು, ದಿಬ್ಬದಿಂದ ಹಾರಿ ಗಾಳಿಯಲ್ಲಿ ತಿರುಗಬೇಕು, ಬೀಳದೆ ಇಳಿಯಬೇಕು. ಯಾರು ಮೊದಲು ಬಂದರು ಅಂತ ಯಾರೂ ಕೇಳುವುದಿಲ್ಲ. ಎಷ್ಟು ಚೆನ್ನಾಗಿ ಬಂದರು ಅಂತ ಮಾತ್ರ ನೋಡುತ್ತಾರೆ.

"ಓ, ರಂಗೋಲಿ ಹಾಗೆಯೇ!" ಅಂದರು ಗುಣಪಾಲರು, ದೊಡ್ಡ ಭಾರ ಇಳಿದವರಂತೆ. "ಕೈಯಲ್ಲಿ ಮಾಡುದನ್ನು ಕಾಲಲ್ಲಿ ಮಾಡ್ತಾರೆ, ಅಷ್ಟೇ."

"ನೋ ಪಪ್ಪಾ, ದೇರ್ ಆರ್ ರೂಲ್ಸ್."

"ರೂಲ್ಸ್ ಎಲ್ಲ ಕಡೆ ಉಂಟು ಮಗಾ. ನೀನು ಓದಿಕೋ ಹೋಗು."

ಸುದ್ದಿ ಬಳಗಕ್ಕೆ ತಲುಪಲು ಅರ್ಧ ಗಂಟೆ ಹಿಡಿಯಿತು. ಬಳಗದ ಅಧ್ಯಕ್ಷರು ಪಾಯ್ಸ್, ಎರಡು ಮಹಡಿ ಮೇಲಿನವರು. ಮರುವಾರವೇ ಅವರು ಒಂದು ಸನ್ಮಾನ ಇಟ್ಟುಬಿಟ್ಟರು. ಇನ್ನೂ ಮಾಡದ ಕೆಲಸಕ್ಕೆ ಸನ್ಮಾನ ಮಾಡುವುದರಲ್ಲಿ ನಮ್ಮ ಬಳಗವನ್ನು ಮೀರಿಸುವವರಿಲ್ಲ. ಫ್ಲೆಕ್ಸಿನಲ್ಲಿ ಯಾರೋ ವಿದೇಶಿ ಸ್ಕೀಯಿಂಗ್ ಪಟುವಿನ ಮೈಗೆ ಗುಣಪಾಲರ ಪಾಸ್‌ಪೋರ್ಟ್ ಫೋಟೋದ ತಲೆ ಅಂಟಿಸಿ, ಹಿಂದುಗಡೆ ಹಿಮಾಲಯ ನಿಲ್ಲಿಸಿ, ಕೆಳಗೆ "ಅಂತಾರಾಷ್ಟ್ರೀಯ ಹಿಮಕ್ರೀಡಾ ತೀರ್ಪುಗಾರ" ಅಂತ ಹಾಕಿದ್ದರು. ಹೊರಗೆ ನಲವತ್ತೆರಡು ಡಿಗ್ರಿ. ಹಾಲಿನ ಎ.ಸಿ. ಬೇರೆ ಕೆಟ್ಟಿತ್ತು. ಗುಣಪಾಲರು ಉಣ್ಣೆ ಶಾಲು ಹೊದ್ದು, ಮೈಸೂರು ಪೇಟ ಇಟ್ಟುಕೊಂಡು, ಬೆವರು ಒರೆಸುತ್ತ, ಹಿಮದ ಮಹತ್ವದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು.

ಸನ್ಮಾನದ ಗುಟ್ಟು ಊಟದ ಸಾಲಿನಲ್ಲಿ ಹೊರಬಿತ್ತು. ಪಾಯ್ಸ್ ಕೋರಿ ರೊಟ್ಟಿಯ ತಟ್ಟೆ ಹಿಡಿದು ಹತ್ತಿರ ಬಂದರು.

"ಗುಣಪಾಲರೇ, ನಮ್ಮ ಅಮಿತಾ ಸಹ ಇದ್ದಾಳೆ ಅದರಲ್ಲಿ. ಎರಡು ವರ್ಷದಿಂದ ಪ್ರತಿ ಶುಕ್ರವಾರ ಅಲ್ಲಿಯೇ. ಬಿದ್ದು ಬಿದ್ದು ಮೊಣಕಾಲು ನೋಡ್ಲಿಕ್ಕೆ ಆಗುದಿಲ್ಲ. ನೀವು ನಮ್ಮವರೇ ಅಲ್ವಾ, ಸ್ವಲ್ಪ ನೋಡಿಕೊಳ್ಳಿ ಆಯ್ತಾ?"

ಗುಣಪಾಲರು ತಮ್ಮ ತಟ್ಟೆ ಕೆಳಗಿಟ್ಟರು. ಒಂದು ಕಡೆ ವೀಸಾದ ಧಣಿ, ಇನ್ನೊಂದು ಕಡೆ ಶಾಲಿನ ಅಧ್ಯಕ್ಷರು. ಇಬ್ಬರಿಗೂ ಒಂದೊಂದು ಸಂತಾನ, ಇಬ್ಬರದೂ ಒಂದೇ ಇಳಿಜಾರು.

ಸ್ಪರ್ಧೆ ಶನಿವಾರ ಬೆಳಿಗ್ಗೆ. ಬಳಗದಿಂದ ನಾವು ಮೂವತ್ತು ಜನ ಹೊರಟೆವು. ಒಳಗೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗೆ. ಎಲ್ಲರಿಗೂ ಬಾಡಿಗೆಯ ನೀಲಿ ಕೋಟು ಕೊಟ್ಟರು. ವಾರಿಜಾಕ್ಷಿಯಮ್ಮ ಸೀರೆಯ ಮೇಲೆ ಅದನ್ನು ಹಾಕಿ, ಮೇಲೆ ಮಲ್ಲಿಗೆ ಮುಡಿದಿದ್ದರು. ಚಾಮುಂಡೇಶ್ವರಿ ಹಾಟ್ ಬಾಕ್ಸೊಂದರಲ್ಲಿ ಪುಳಿಯೋಗರೆ ತಂದಿದ್ದಳು, ಒಂದಕ್ಕಾದರೂ ಕೆಲಸ ಸಿಗಲಿ ಅಂತ. ಗುಣಪಾಲರು ಮಂಕಿ ಕ್ಯಾಪು, ಮದುವೆಯ ಸೂಟು, ಅದರ ಮೇಲೆ ನೀಲಿ ಕೋಟು, ಅದರ ಮೇಲೆ ಸನ್ಮಾನದ ಶಾಲು ಹಾಕಿಕೊಂಡು, ಇಳಿಜಾರಿನ ಬುಡದಲ್ಲಿದ್ದ ತೀರ್ಪುಗಾರರ ಗಾಜಿನ ಗೂಡಿಗೆ ನಡೆದುಹೋದರು. ನಮಗೆ ಒಳಗಿನದೆಲ್ಲ ಕಾಣುತ್ತಿತ್ತು. ಕೇಳದೆ ಹೋದದ್ದನ್ನು ಆಮೇಲೆ ಅವರೇ ಹೇಳಿದರು.

ಮುಖ್ಯ ತೀರ್ಪುಗಾರ ಜೇಸನ್ ಅಂತ ಒಬ್ಬ ಆರಡಿ ವಿದೇಶಿ. ಅವನು ಐದು ಜನರನ್ನೂ ಕೂರಿಸಿಕೊಂಡು ನಿಯಮ ವಿವರಿಸಿದ. ಎಷ್ಟು ಅಂಕ, ಐವರು ಕೊಟ್ಟ ಅಂಕಗಳಲ್ಲಿ ಯಾವುದನ್ನು ಇಟ್ಟುಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ, ಎಲ್ಲ ಹೇಳಿದ. ಆ ಹೊತ್ತಿನಲ್ಲಿ ಗುಣಪಾಲರು ಗಾಜಿನಾಚೆ ನಿಂತ ಪಾಯ್ಸ್‌ರ ಕ್ಯಾಮೆರಾಕ್ಕೆ ಮುಖ ಕೊಟ್ಟುಕೊಂಡಿದ್ದರು. ಕೊನೆಗೆ ಜೇಸನ್ "ಎನಿ ಕ್ವೆಶ್ಚನ್ಸ್?" ಅಂದಾಗ ಇವರೊಬ್ಬರೇ ಕೈ ಎತ್ತಿದರು.

"ದೀಪ ಬೆಳಗಿಸುದು ಎಷ್ಟು ಗಂಟೆಗೆ?"

ಮಂಜಿನ ಮನೆಯಲ್ಲಿ ದೀಪ ಇಲ್ಲ ಅಂತ ಗೊತ್ತಾದಾಗ ಅವರಿಗೆ ಇಡೀ ವ್ಯವಸ್ಥೆಯ ಮೇಲೆಯೇ ಗೌರವ ಸ್ವಲ್ಪ ಕಡಿಮೆಯಾಯಿತಂತೆ.

ಪ್ರತಿಯೊಬ್ಬರಿಗೂ ಎರಡು ಅವಕಾಶ, ಎರಡರಲ್ಲಿ ಚೆನ್ನಾಗಿದ್ದದ್ದು ಲೆಕ್ಕಕ್ಕೆ. ಮೊದಲ ಹುಡುಗ ಬಂದ, ಕಂಬಿ ಹತ್ತಿ ಜಾರಿದ, ಹಾರಿದ, ಇಳಿದ. ತೀರ್ಪುಗಾರರ ಗೂಡಿನ ನೆತ್ತಿಗೆ, ಒಳಗಿದ್ದವರಿಗೆ ಕಾಣದ ಹಾಗೆ ಕಟ್ಟಿದ್ದ ದೊಡ್ಡ ಪರದೆಯ ಮೇಲೆ ಐವರ ಅಂಕಗಳೂ ಬಿದ್ದವು: ಎಪ್ಪತ್ತೊಂದು, ಅರವತ್ತೊಂಬತ್ತು, ಎಪ್ಪತ್ತು, ಎಪ್ಪತ್ತೆರಡು, ಎಂಟು.

ನಾನು ಕನ್ನಡಕ ಒರೆಸಿ ಮತ್ತೆ ನೋಡಿದೆ. ಎಂಟೇ.

ಎರಡನೆಯವನಿಗೂ ಎಂಟು. ಮೂರನೆಯವನು ಕಂಬಿಗೆ ಡಿಕ್ಕಿ ಹೊಡೆದು ಹಲಗೆಯೊಂದು ಕಡೆ ತಾನೊಂದು ಕಡೆ ಹೋದ, ಅವನಿಗೂ ಎಂಟು. ಅಮಿತಾ ಬಂದಳು, ದಿಬ್ಬದ ಮೇಲೆ ಎಡವಿದಳು, ಎಂಟು. ಕೊನೆಗೆ ಕೆಂಪು ಕೋಟಿನ ರಶೀದ ಬಂದ. ಸುಳ್ಳು ಹೇಳಬಾರದು, ಹುಡುಗ ಸೊಗಸಾಗಿ ಬಂದ. ಉಳಿದ ನಾಲ್ವರು ಎಂಬತ್ತರ ಆಸುಪಾಸು ಕೊಟ್ಟರು. ಗುಣಪಾಲರು ಎಂಟು ಕೊಟ್ಟು, ಗಾಜಿನೊಳಗಿನಿಂದ ರವೂಫ್ ಸಾಹೇಬರ ಕಡೆ ನೋಡಿ, ತಲೆಯಾಡಿಸಿ ನಕ್ಕರು. ಸಾಹೇಬರೂ ನಕ್ಕರು. ಅದು ಯಾಕೆ ಅಂತ ನನಗೆ ತಿಳಿಯಲಿಲ್ಲ.

ಜನ್ಮದಲ್ಲಿ ಯಾರ ಮನಸ್ಸನ್ನೂ ನೋಯಿಸದ ಮನುಷ್ಯ ಹದಿನೈದು ನಿಮಿಷದಲ್ಲಿ ಇಡೀ ದುಬೈಯ ಅತಿ ಕ್ರೂರ ತೀರ್ಪುಗಾರ ಆಗಿಬಿಟ್ಟಿದ್ದರು. ನಮ್ಮ ಹಿಂದೆ ಕುಳಿತಿದ್ದ ಇಬ್ಬರು ಪಡ್ಡೆಗಳಿಗೆ ಮಾತ್ರ ಭಕ್ತಿ ಉಕ್ಕಿ ಬಂದಿತ್ತು.

"ಬ್ರೋ, ಹೂ ಈಸ್ ಜಡ್ಜ್ ಫೈವ್?"

"ಲೆಜೆಂಡ್, ಬ್ರೋ. ದಟ್ ಶಾಲ್! ಹಿಮಾಲಯದಿಂದ ಬಂದಿರ್ಬೇಕು."

ಪಾಯ್ಸ್‌ಗೆ ಭಕ್ತಿ ಬರಲಿಲ್ಲ. "ಎಂಟಾ? ನನ್ನ ಮಗಳಿಗೆ ನೂರಕ್ಕೆ ಎಂಟಾ? ಆ ಫ್ಲೆಕ್ಸಿಗೆ ನಾನು ಹಿಮಾಲಯ ಹಾಕಿಸಿದ್ದು ಇದಕ್ಕಾ? ಶಾಲು ವಾಪಸ್ ಕೇಳಿ ಮೂರ್ತಿ, ಈಗಲೇ ಕೇಳಿ!"

ಚಾಮುಂಡೇಶ್ವರಿ ನನ್ನ ಕಿವಿಯಲ್ಲಿ, "ಏನ್ರೀ, ನಮಗೆ ಕೊಡೋ ಎಂಟನ್ನೇ ಅಲ್ವೇನ್ರೀ ಇಲ್ಲೂ ಕೊಡ್ತಿರೋದು?" ಅಂದಳು. ಆಗ ನನಗೆ ಹೊಳೆಯಿತು. ದೀಪ್ತಿಗೆ ನನಗಿಂತ ಮೊದಲೇ ಹೊಳೆದಿತ್ತು. ವಿರಾಮ ಬಿಟ್ಟದ್ದೇ ತಡ, ಅವಳು ಬೇಲಿಯ ಹತ್ತಿರ ಓಡಿದಳು. ನಾನೂ ಹಿಂದೆ ಹೋದೆ.

"ಪಪ್ಪಾ! ಇಟ್ಸ್ ಔಟ್ ಆಫ್ ಹಂಡ್ರೆಡ್!"

"ಯಾವುದು?"

"ಮಾರ್ಕ್ಸ್! ಯೂ ಗೇವ್ ರಶೀದ್ ಎಯ್ಟ್ ಔಟ್ ಆಫ್ ಹಂಡ್ರೆಡ್!"

ಗುಣಪಾಲರ ಮುಖ ಮಂಕಿ ಕ್ಯಾಪಿನ ಕಿಂಡಿಯಲ್ಲಿ ಬಿಳಿಚಿಕೊಂಡಿತು. "ನೂರಕ್ಕಾ? ಅಯ್ಯೋ ದೇವರೇ, ನೂರಕ್ಕಾ?" ಅನ್ನುತ್ತ ಹಿಮದ ಮೇಲೇ ಕುಕ್ಕರಿಸಿದರು. ವಾರಿಜಾಕ್ಷಿಯಮ್ಮ ಸೆರಗು ಸುತ್ತಿಕೊಂಡು ಧಾವಿಸಿ ಬಂದರು.

"ಎಂತ ಆಯ್ತು? ಎದೆ ನೋವಾ?"

"ಸಾಹೇಬರ ಮಗನಿಗೆ ನೂರಕ್ಕೆ ಎಂಟು ಕೊಟ್ಟೆ, ಕೇಳಿತಾ? ನಮ್ಮ ದೀಪ್ತಿಯ ಶಾಲೆ ಖಲಾಸ್."

ಆ ಮಾತು ಕೇಳಿ ದೀಪ್ತಿಯ ಮುಖ ಸಣ್ಣಗಾಯಿತು. ಅಷ್ಟು ಹೊತ್ತು ನಗು ತಡೆದುಕೊಂಡಿದ್ದ ನನಗೂ ಪಿಚ್ಚೆನಿಸಿತು. ವಾರಿಜಾಕ್ಷಿಯಮ್ಮ ಗಂಡನ ಕೈ ಹಿಡಿದೆಬ್ಬಿಸಿ, "ಇನ್ನೊಂದು ರೌಂಡ್ ಉಂಟಲ್ಲ? ಈಗ ಸರಿ ಮಾಡಿ. ಏಳಿ" ಅಂದರು. ಮಲ್ಲಿಗೆ ಮರಗಟ್ಟಿ ಹೋಗಿತ್ತು, ಹೆಂಗಸು ಮಾತ್ರ ಗಟ್ಟಿ.

ನಿಂತಲ್ಲೇ ಯೋಜನೆ ತಯಾರಾಯಿತು. ರಶೀದನಿಗೆ ನೂರಕ್ಕೆ ನೂರು. ಅಮಿತಾಳಿಗೆ ಐವತ್ತು. ಉಳಿದವರಿಗೆ ಮೊದಲಿನ ಎಂಟೇ. ಪಾಯ್ಸ್ ಸಿಟ್ಟಾದರೆ ಶಾಲು ಹೋಗುತ್ತದೆ, ರವೂಫ್ ಸಿಟ್ಟಾದರೆ ವೀಸಾ ಹೋಗುತ್ತದೆ. ಶಾಲು ಮನೆಯಲ್ಲಿ ಇನ್ನೂ ಇಪ್ಪತ್ತೆಂಟಿದ್ದವು.

ಎರಡನೇ ಸುತ್ತಿನಲ್ಲಿ ರಶೀದ ಮೊದಲಿಗೇ ಬಂದ. ಮೊದಲ ಕಂಬಿ ಚೆನ್ನಾಗಿ ದಾಟಿದ. ದಿಬ್ಬದಿಂದ ಹಾರಿದವನು ಗಾಳಿಯಲ್ಲಿ ಏನೋ ಲೆಕ್ಕ ತಪ್ಪಿ, ಬೆನ್ನಡಿಯಾಗಿ ಧೊಪ್ಪನೆ ಬಿದ್ದು, ಹಾಗೇ ಜಾರುತ್ತ ತೀರ್ಪುಗಾರರ ಗೂಡಿನ ಬುಡದವರೆಗೆ ಬಂದು ನಿಂತ. ಪುಣ್ಯಕ್ಕೆ ಪೆಟ್ಟಾಗಲಿಲ್ಲ. ಪರದೆಯ ಮೇಲೆ ಅಂಕ ಬಂದವು: ಮೂವತ್ತೆಂಟು, ನಲವತ್ತು, ಮೂವತ್ತೈದು, ನಲವತ್ತೊಂದು, ನೂರು.

ಮುಂದಿನ ಸಾಲಿನಲ್ಲಿ ರವೂಫ್ ಸಾಹೇಬರು ಎದೆ ಹಿಡಿದುಕೊಂಡು ಎದ್ದು ನಿಂತದ್ದು ಕಂಡೆ. ಸಂತೋಷಕ್ಕೆ ಅಂತ ತಿಳಿದೆ.

"ಬ್ರೋ," ಅಂತ ಹಿಂದಿನವನು ಉಸಿರೆಳೆದ, "ಲ್ಯಾಂಡಿಂಗಿಗೆ ಎಯ್ಟ್, ಬಿದ್ದದ್ದಕ್ಕೆ ಹಂಡ್ರೆಡ್!"

"ಹೀ ಜಡ್ಜಸ್ ದ ಸೋಲ್, ಬ್ರೋ."

ಜೇಸನ್ ಗಾಜಿನೊಳಗೆ ಬಗ್ಗಿ ಗುಣಪಾಲರನ್ನು ಏನೋ ಕೇಳಿದ. ಇವರು ಕೈಮುಗಿದರಂತೆ. ಆಮೇಲೆ ಅವನು ಕೇಳಲಿಲ್ಲ.

ಕೊನೆಗೆ ಅಮಿತಾ. ರಶೀದನ ಮೊದಲ ಸುತ್ತಿನ ಸರಾಸರಿ ಎಂಬತ್ತು ಎಲ್ಲರಿಗಿಂತ ಮುಂದಿತ್ತು. ಗೆಲ್ಲಬೇಕಾದರೆ ಅದನ್ನು ದಾಟಬೇಕು. ಗುಣಪಾಲರು ಆಗಲೇ ಅಂಕ ಹಾಕುವ ಟ್ಯಾಬಿನಲ್ಲಿ ಐದು ಒತ್ತಿ, ಸೊನ್ನೆಯ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರಂತೆ, ಕೆಲಸ ಬೇಗ ಮುಗಿಯಲಿ ಅಂತ.

ಹುಡುಗಿ ಮೇಲಿನಿಂದ ಹೊರಟಳು. ಹತ್ತೊಂಬತ್ತು ವರ್ಷದ ಕಡ್ಡಿಯಂಥ ಹುಡುಗಿ, ಲಿಫ್ಟಿನಲ್ಲಿ ಸಿಕ್ಕಿದರೆ ತಲೆ ತಗ್ಗಿಸುವವಳು. ಮೊದಲ ಕಂಬಿಯ ಮೇಲೆ ಬೆನ್ನು ಹಾಕಿಕೊಂಡು ಜಾರಿದಳು, ನೋಡದೆಯೇ ಇಳಿದಳು. ಪೆಟ್ಟಿಗೆಯ ಮೇಲೆ ಒಂದು ಸುತ್ತು. ದಿಬ್ಬದಿಂದ ಹಾರಿದಾಗ ಕಾಲಿನ ಹಲಗೆಯನ್ನು ಕೈಯಲ್ಲಿ ಹಿಡಿದುಕೊಂಡು ತಿರುಗಿದಳು ನೋಡಿ, ಮೂವತ್ತು ಜನ ಕನ್ನಡಿಗರ ಬಾಯಿಂದ ಒಂದೇ ಸಲ "ಹೋ" ಅಂತ ಬಂತು. ಪುಳಿಯೋಗರೆ ಚೆಲ್ಲಿತು. ಪಾಯ್ಸ್ ಅಳುತ್ತಿದ್ದರು. ನೆಲಕ್ಕೆ ಬರುವಾಗ ಒಂದು ಕ್ಷಣ ತೂಕ ತಪ್ಪಿತು, ಎಡಗೈ ಹಿಮಕ್ಕೆ ತಾಗಿತು, ಎದ್ದಳು, ನಿಂತಳು.

ಗಾಜಿನ ಗೂಡಿನಲ್ಲಿ ಗುಣಪಾಲರು ಎದ್ದು ನಿಂತಿದ್ದರು. ಮಂಕಿ ಕ್ಯಾಪು ಕೈಯಲ್ಲಿ, ಶಾಲು ನೆಲದಲ್ಲಿ. "ಕೈ ತಾಗಿತು! ಛೇ, ಕೈಯೊಂದು ತಾಗಿತು ಮಾರಾಯ್ರೆ!" ಅಂತ ಅವರು ಕನ್ನಡದಲ್ಲಿ ಕೂಗಿದ್ದು ಗಾಜು ದಾಟಿ ನಮಗೂ ಕೇಳಿಸಿತು. ಆಮೇಲೆ ಅವರು ಟ್ಯಾಬಿನಲ್ಲಿ ಇದ್ದ ಐದನ್ನು ಅಳಿಸಿದರು. ಧಣಿ, ವೀಸಾ, ಶಾಲು, ಯಾವುದೂ ಆಗ ತಲೆಯಲ್ಲಿ ಇರಲಿಲ್ಲವಂತೆ. ಸ್ಟೋರಿಗೆ ಬಂದ ಮಾಲನ್ನು ಎತ್ತಿ ತಿರುಗಿಸಿ ನೋಡುವ ಹಾಗೆ ನೋಡಿದರಂತೆ. ಮಾಲು ಒಳ್ಳೆಯದು, ಒಂದು ಕಡೆ ಸಣ್ಣ ಗೀರು. ಎಂಬತ್ತೊಂದು.

ಉಳಿದ ನಾಲ್ವರು ಎಂಬತ್ತನಾಲ್ಕು, ಎಪ್ಪತ್ತೆಂಟು, ಎಂಬತ್ತೆರಡು, ಎಪ್ಪತ್ತೊಂಬತ್ತು ಕೊಟ್ಟಿದ್ದರು. ಸರಾಸರಿ ಬಂತು: ಎಂಬತ್ತು ಪಾಯಿಂಟ್ ಆರು ಏಳು. ಅಮಿತಾ ಮೊದಲನೆಯವಳು, ರಶೀದ ಎರಡನೆಯವನು.

ಕೂಗಾಟ ತಣಿದ ಮೇಲೆ ಗುಣಪಾಲರಿಗೆ ತಾನು ಮಾಡಿದ್ದು ಏನೆಂದು ತಿಳಿಯಿತು. ಅವರು ಮೊದಲು ಹೋದದ್ದು ಜೇಸನ್ ಹತ್ತಿರ. ಎಂಟು, ನೂರು ಎಲ್ಲ ತಪ್ಪಾಯಿತು, ಅದನ್ನೆಲ್ಲ ತೆಗೆದು ಇನ್ನೊಮ್ಮೆ ಲೆಕ್ಕ ಹಾಕಿ ಅಂತ ಬೇಡಿಕೊಂಡರು. ಜೇಸನ್ ನಕ್ಕುಬಿಟ್ಟ. ಐದರಲ್ಲಿ ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ನಡುವಿನ ಮೂರನ್ನೇ ಲೆಕ್ಕಕ್ಕೆ ಹಿಡಿಯುತ್ತಾರಂತೆ. ಇವರ ಎಂಟುಗಳೆಲ್ಲ ಅತಿ ಕಡಿಮೆ ಅಂತ ಬಿದ್ದುಹೋಗಿದ್ದವು, ನೂರು ಅತಿ ಹೆಚ್ಚು ಅಂತ ಬಿದ್ದುಹೋಗಿತ್ತು. "ಅತಿಥಿಗಳು ಕೂರುವ ಕಡೆ ನಾವು ಈ ನಿಯಮ ಬಿಡುವುದೇ ಇಲ್ಲ ಸರ್," ಅಂದ ಅವನು. "ಇವತ್ತು ನಿಮ್ಮದು ಲೆಕ್ಕಕ್ಕೆ ಬಂದದ್ದು ಒಂದೇ. ಎಂಬತ್ತೊಂದು. ಅಲ್ಲಿ ನೀವು ಐವತ್ತು ಕೊಟ್ಟಿದ್ದರೆ ಆ ಹುಡುಗ ಗೆಲ್ಲುತ್ತಿದ್ದ."

ಇಪ್ಪತ್ತು ವರ್ಷದಲ್ಲಿ ಲೆಕ್ಕಕ್ಕೆ ಬಂದ ಒಂದೇ ಒಂದು ಅಂಕ, ಅದೂ ಧಣಿಯ ಮಗನನ್ನು ಸೋಲಿಸಿತ್ತು. ಗುಣಪಾಲರು ಶಾಲು ಮಡಚಿ ಕಂಕುಳಲ್ಲಿಟ್ಟುಕೊಂಡು ರವೂಫ್ ಸಾಹೇಬರ ಮುಂದೆ ಹೋಗಿ ನಿಂತರು. ಹಿಂದೆ ವಾರಿಜಾಕ್ಷಿಯಮ್ಮ, ದೀಪ್ತಿ. ಅವರ ಹಿಂದೆ ನಾನು, ಸಾಕ್ಷಿಗೆ.

"ಸಾಹೇಬ್ರೆ, ಸ್ಟೋರಿನ ಕೀಲಿಕೈ ಸೋಮವಾರ ಕೊಡ್ತೇನೆ. ನೀವು ನೆನಪಿರ್ಲಿ ಅಂತ ಹೇಳಿದ್ದಿರಿ. ಕೊನೆಗೆ ನನಗೆ ನೆನಪೇ ಆಗ್ಲಿಲ್ಲ."

ರವೂಫ್ ಸಾಹೇಬರು ಎರಡು ಕೈಯಲ್ಲೂ ಅವರನ್ನು ತಬ್ಬಿಕೊಂಡರು.

"ಎಂತ ಕೀಲಿಕೈ ಗುಣಪಾಲಣ್ಣ! ಈ ಸಲ ಸೋತರೆ ಸೋಮವಾರದಿಂದ ಆಫೀಸಿಗೆ ಬರ್ತೇನೆ ಅಂತ ರಶೀದ ಮಾತು ಕೊಟ್ಟಿದ್ದ. ಮೂರು ವರ್ಷದಿಂದ ಕಾಯ್ತಾ ಇದ್ದೆ ನಾನು! ಧಣಿಯ ಮಗ ಅಂತ ಯಾರೂ ಮೆತ್ತಗೆ ಆಗಬಾರ್ದು, ಒಂದು ಬೋಲ್ಟಿಗೆ ಮೂರು ಸಹಿ ಕೇಳುವ ಮನುಷ್ಯನೇ ಆಗಬೇಕು ಅಂತ ನಿಮ್ಮನ್ನು ಕೂರಿಸಿದ್ದು. ಆ ಎಂಟು ನೋಡಿ ಎಷ್ಟು ಖುಷಿ ಆಯ್ತು ನನಗೆ! ನೂರು ಹಾಕಿದಿರಲ್ಲ, ಆಗ ನನ್ನ ಎದೆಯೇ ನಿಂತಿತು."

"ಹಾಗಾದ್ರೆ ರಿನ್ಯೂವಲ್?"

"ಕಾಗದಕ್ಕೆ ಹೋದ ವಾರವೇ ಸಹಿ ಹಾಕಿದ್ದೇನೆ. ಎರಡು ವರ್ಷ. ಸ್ಪರ್ಧೆಯ ಗಲಾಟೆ ಮುಗಿದ ಮೇಲೆ ಕೊಡುವ ಅಂತ ಇಟ್ಟದ್ದು."

ವಾರಿಜಾಕ್ಷಿಯಮ್ಮ ಅಲ್ಲೇ ಹಿಮದ ಮೇಲೆ ಕೂತು ಜೋರಾಗಿ ಅತ್ತರು. ದೀಪ್ತಿ ಅಪ್ಪನ ಸೊಂಟ ತಬ್ಬಿಕೊಂಡು, ನಾನು ಕೇಳಿದ ಮಟ್ಟಿಗೆ ಮೊದಲ ಬಾರಿ, ಕನ್ನಡದಲ್ಲಿ ಮಾತಾಡಿದಳು: "ಮನೆಗೆ ಹೋಗುವ ಪಪ್ಪಾ, ಚಳಿ ಆಗ್ತದೆ."

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೇನೂ ತಕರಾರು ಇರಲಿಲ್ಲ. ಆದರೆ ಗುಣಪಾಲರಿಗೆ ಎಂಬತ್ತೊಂದರ ರುಚಿ ಹತ್ತಿಬಿಟ್ಟಿತ್ತು.

ದೀಪಾವಳಿಗೆ ಬಳಗದ ರಂಗೋಲಿ ಸ್ಪರ್ಧೆ ಬಂತು. ಗುಣಪಾಲರು ಮಂಡಿಯೂರಿ, ಕನ್ನಡಕ ಹಣೆಗೇರಿಸಿ, ಒಂದೊಂದು ರಂಗೋಲಿಯ ಮುಂದೆ ಹತ್ತು ಹತ್ತು ನಿಮಿಷ ಕೂತರು. ಚಾಮುಂಡೇಶ್ವರಿಗೆ ಹತ್ತಕ್ಕೆ ನಾಲ್ಕು ಬಂತು. ಅವಳು ಕಾರಣ ಕೇಳಿದಳು. ಅವರು ಹೇಳಿದರು.

"ಬೇಜಾರು ಮಾಡಬೇಡಿ ಚಾಮುಂಡಕ್ಕ. ನೀವು ಕೆಳಗೆ ನವಿಲು ಅಂತ ಬರೆದದ್ದಕ್ಕೆ ಗೊತ್ತಾಯ್ತು. ಇಲ್ಲದಿದ್ರೆ ಹೇಂಟೆ ಅಂತಲೇ ನಾನು ಎಣಿಸಿದ್ದು. ಕಾಲು ನೋಡಿ, ನೆಲಕ್ಕೇ ತಾಗುದಿಲ್ಲ."

ಆರು ವರ್ಷದಿಂದ ಪ್ರಾಮಾಣಿಕ ತೀರ್ಪು ಬೇಕು ಬೇಕು ಅಂತ ಬೊಬ್ಬೆ ಹೊಡೆದವನು ನಾನು. ಅದು ಬಂದು ನನ್ನ ಹೆಂಡತಿಯ ಎದುರು ನಿಂತಾಗ ನನಗೆ ಎಂಥ ಕೋಪ ಬಂತು ಅಂದರೆ, ಎರಡು ಫ್ಲ್ಯಾಟಿನ ನಡುವೆ ಕೊತ್ತಂಬರಿ ಸೊಪ್ಪಿನ ವಿನಿಮಯವೂ ನಿಂತುಹೋಯಿತು. ಇನ್ನೂ ಹನ್ನೊಂದು ಮನೆಗಳಲ್ಲಿ ಇದೇ ಕಥೆ. ಹಾಟ್ ಬಾಕ್ಸ್ ಒಬ್ಬರಿಗೂ ಬರಲಿಲ್ಲ. ನೀರುದೋಸೆಯಲ್ಲಿ ಸೊನ್ನೆ ಪಡೆದ ಹೆಂಗಸೊಬ್ಬರು ಬಳಗವನ್ನೇ ಬಿಡುತ್ತೇನೆ ಅಂದರು.

ತುರ್ತುಸಭೆ ಸೇರಿತು. ಮಗಳಿಗೆ ಪ್ರಶಸ್ತಿ ಬಂದ ಮೇಲೆ ಗುಣಪಾಲರನ್ನು ತೆಗೆದುಹಾಕುವ ಮನಸ್ಸು ಅಧ್ಯಕ್ಷ ಪಾಯ್ಸ್‌ಗೆ ಇರಲಿಲ್ಲ. ಅವರು ಬಹಳ ಯೋಚಿಸಿ ಒಂದು ನಿರ್ಣಯ ಮಂಡಿಸಿದರು: ಇನ್ನು ಮುಂದೆ ನಮ್ಮಲ್ಲೂ ಅಂತಾರಾಷ್ಟ್ರೀಯ ನಿಯಮ. ಅತಿ ಹೆಚ್ಚಿನ ಅಂಕವನ್ನೂ ಅತಿ ಕಡಿಮೆ ಅಂಕವನ್ನೂ ಕಡ್ಡಾಯವಾಗಿ ಬಿಟ್ಟುಬಿಡತಕ್ಕದ್ದು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ನಾನು ತಟ್ಟಿದೆ.

ಯುಗಾದಿಗೆ ಮತ್ತೆ ರಂಗೋಲಿ ಇಟ್ಟರು. ನಮ್ಮ ಬಳಗದ ರಂಗೋಲಿಗೆ ತೀರ್ಪುಗಾರರು ಇಬ್ಬರೇ, ಗುಣಪಾಲರು ಮತ್ತು ಅಧ್ಯಕ್ಷರೆಂಬ ಕಾರಣಕ್ಕೆ ಪಾಯ್ಸ್. ನಿಯಮದ ಪ್ರಕಾರ ಹೆಚ್ಚಿನದನ್ನು ಬಿಟ್ಟರು, ಕಡಿಮೆಯದನ್ನು ಬಿಟ್ಟರು. ಯಾರಿಗೂ ಏನೂ ಉಳಿಯಲಿಲ್ಲ. ಸಮಿತಿ ಪರದೆಯ ಹಿಂದೆ ಕಾಲು ಗಂಟೆ ಚರ್ಚಿಸಿ, ಹೊರಗೆ ಬಂದು, ಎಲ್ಲ ಸ್ಪರ್ಧಿಗಳಿಗೂ ಸಮಾಧಾನಕರ ಬಹುಮಾನ ಘೋಷಿಸಿತು. ಚಾಮುಂಡೇಶ್ವರಿ ಏಳನೇ ಹಾಟ್ ಬಾಕ್ಸ್ ಹಿಡಿದು ವೇದಿಕೆ ಇಳಿದಳು.

ಮನೆಗೆ ಬಂದು ನೋಡಿದರೆ ಬಾಗಿಲ ಸಂದಿಯಲ್ಲಿ ಒಂದು ಚೀಟಿ. ಸ್ಟೋರಿನ ಫಾರ್ಮಿನ ಹಿಂಬದಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿತ್ತು: "ಈ ಸಲ ಆರು. ಕಾಲು ನೆಲಕ್ಕೆ ಸರಿಯಾಗಿ ತಾಗಿದೆ. ಕೊಕ್ಕು ಇನ್ನೂ ಸ್ವಲ್ಪ ದಪ್ಪ ಆಯಿತು. ಗುಣಪಾಲ." ಕೆಳಗೆ ಮೂರು ಸಹಿ, ಮೂರೂ ಅವರದೇ.

ಇವಳು ಈಗ ಸಿಡಿಯುತ್ತಾಳೆ ಅಂತ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಚೀಟಿಯನ್ನು ಎರಡು ಸಲ ಓದಿದಳು. ಫ್ರಿಜ್ಜಿನ ಬಾಗಿಲಿಗೆ ಒಂದು ಮ್ಯಾಗ್ನೆಟ್ ಇಟ್ಟು ಸಿಕ್ಕಿಸಿದಳು. ಆಮೇಲೆ ಕೊತ್ತಂಬರಿ ಸೊಪ್ಪಿನ ಅರ್ಧ ಕಟ್ಟು ತೆಗೆದು ನನ್ನ ಕೈಗೆ ಕೊಟ್ಟಳು.

"ಎದುರುಮನೆಗೆ ಕೊಟ್ಟು ಬನ್ನಿ. ಹಾಗೇ ಕೊಕ್ಕು ಎಷ್ಟು ದಪ್ಪ ಆಯ್ತು ಅಂತ ಸರಿಯಾಗಿ ಕೇಳ್ಕೊಂಡು ಬನ್ನಿ."

ನಾನು ಹಾಟ್ ಬಾಕ್ಸನ್ನು ಮೇಲಿನ ಅಟ್ಟದಲ್ಲಿ ಉಳಿದ ಆರರ ಪಕ್ಕಕ್ಕೆ ತಳ್ಳಿ, ಸೊಪ್ಪು ಹಿಡಿದು ಹೋಗಿ ಎದುರಿನ ಬೆಲ್ ಒತ್ತಿದೆ.